ಬೇಲಿ ಹಾಕಿ, ಆದರೆ ತಡಮೆ ಬಿಡಿ

ಮಾನ್ಯ ಸಂಪಾದಕರೇ,

ಚಾರಣ ಅಂದ ಕೂಡಲೇ ಪತ್ರಿಕೆಗಳಲ್ಲಿ ಬರುವುದು ಅದೇ ನಾಲ್ಕೈದು ಹೆಸರು. ಕುಮಾರಪರ್ವತ, ಕುದುರೆಮುಖ, ಕೊಡಚಾದ್ರಿ, ಮುಳ್ಳಯ್ಯನಗಿರಿ. 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರಪರ್ವತಕ್ಕೆ ಒಮ್ಮೆಲೇ ಸಾವಿರಾರು ಜನ ಬಂದು ಸೇರಿದ್ದು ಎಲ್ಲರಿಗೂ ನೆನಪಿರಬಹುದು. ಆಮೇಲೆ ಸರ್ಕಾರ ಆನ್‌ಲೈನ್ ಬುಕಿಂಗ್ ಇಲ್ಲದ ಕಡೆ ಚಾರಣ ನಿಲ್ಲಿಸಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ 'ಅರಣ್ಯ ವಿಹಾರ' ಜಾಲತಾಣ ಬಂತು. ಒಂದು ಬೆಟ್ಟಕ್ಕೆ ದಿನಕ್ಕೆ 300 ಜನ ಅಂತ ಮಿತಿಯೂ ಬಂತು. ಮಾಡಬೇಕಾದ್ದೇ ಅದು. ಆದರೆ ನಡೆಯುವ ಆಸೆ ಇರುವ ಉಳಿದವರು ಎಲ್ಲಿಗೆ ಹೋಗಬೇಕು? ಯಾಕೆ, ನಮ್ಮ ಹಳ್ಳಿಗಳ ಕಾಲುದಾರಿಗಳಿಲ್ವಾ? ಆ ದಾರಿಗಳು ಈಗ ಒಂದೊಂದಾಗಿ ಮುಚ್ಚಿಹೋಗುತ್ತಿವೆ. ಅದಕ್ಕೇ ಈ ಪತ್ರ ಬರೆಯುತ್ತಿದ್ದೇನೆ.

ನಾನು ಸಿದ್ದಾಪುರ ತಾಲ್ಲೂಕಿನ ಹೆಗ್ಗರಣಿ ಕಡೆಯವನು. ಬ್ರಾಂಚ್ ಪೋಸ್ಟ್ ಆಫೀಸಿನಲ್ಲಿ ಟಪಾಲು ಹಂಚುವ ಕೆಲಸ ಮಾಡಿ ನಿವೃತ್ತನಾದೆ. ನಮ್ಮ ಕಡೆ ಬಯಲುಸೀಮೆಯ ಹಾಗೆ ಮನೆಗೆ ಮನೆ ಅಂಟಿಕೊಂಡಿರುವುದಿಲ್ಲ. ಒಂದು ಮನೆ ಗುಡ್ಡದ ಈಚೆ, ಇನ್ನೊಂದು ಹಳ್ಳದ ಆಚೆ. ರಸ್ತೆ ಹಿಡಿದರೆ ಮೈಲುಗಟ್ಟಲೆ ಸುತ್ತು. ಹಾಗಾಗಿ ಚೀಲ ಹೆಗಲಿಗೆ ಹಾಕಿಕೊಂಡು ಒಳದಾರಿಯಲ್ಲೇ ಹೋಗುತ್ತಿದ್ದೆ. ಪಿಂಚಣಿಯ ಮನಿಯಾರ್ಡರ್ ಬರುವ ವಾರ ಮಳೆ ಇರಲಿ, ಬಿಸಿಲಿರಲಿ, ಹೋಗಲೇಬೇಕಿತ್ತು. ಅದರಿಂದ ಇಲ್ಲಿಯ ದಾರಿಗಳ ಪರಿಚಯ ನನಗೆ ಚೆನ್ನಾಗಿದೆ.

ಓದುಗರಿಗೆ ಇಂಥ ದಾರಿ ಹೇಗಿರುತ್ತದೆ ಅಂತ ಹೇಳಬೇಕು. ಮನೆಯ ಅಂಗಳ ದಾಟಿದರೆ ಅಡಿಕೆ ತೋಟ. ತೋಟದ ಕೆಳಗೆ ಹಳ್ಳ. ಹಳ್ಳಕ್ಕೆ ಎರಡು ಅಡಿಕೆ ಮರ ಜೋಡಿಸಿ ಹಾಕಿದ ಕಾಲುಸಂಕ, ಹಿಡಿದುಕೊಳ್ಳಲು ಪಕ್ಕದಲ್ಲಿ ಒಂದು ಬಿದಿರು. ಅಲ್ಲಿಂದ ಏರು ಶುರು. ಮೊದಲು ಸೊಪ್ಪಿನ ಬೆಟ್ಟ ಸಿಗುತ್ತದೆ. ತೋಟಕ್ಕೆ ಗೊಬ್ಬರದ ಸೊಪ್ಪು ತರಲು ಬ್ರಿಟಿಷರ ಕಾಲದಿಂದಲೂ ರೈತರಿಗೆ ಹಕ್ಕು ಕೊಟ್ಟ ಕಾಡು ಇದು. ವರ್ಷವೂ ಕೊಂಬೆ ಸವರುವುದರಿಂದ ಮರಗಳ ತುದಿಯಲ್ಲಷ್ಟೇ ಒಂದು ಹಿಡಿ ಹಸಿರು ಇರುತ್ತದೆ. ಬೆಟ್ಟ ದಾಟಿದರೆ ಬೇಣ, ಅಂದರೆ ಹುಲ್ಲುಗಾವಲು. ಮಳೆ ಮುಗಿದ ಹೊಸತರಲ್ಲಿ ಸೊಂಟದೆತ್ತರ ಹುಲ್ಲು, ಒಂದರ ಹಿಂದೊಂದು ಬೋಳುಗುಡ್ಡ. ಅಲ್ಲಿ ನಿಂತರೆ ಅಘನಾಶಿನಿಯ ಕಣಿವೆ ಪೂರ್ತಿ ಕಾಣುತ್ತದೆ. ಮತ್ತೆ ಇಳಿದರೆ ಕಾನು, ಅಂದರೆ ದಟ್ಟ ಕಾಡು. ಮಧ್ಯಾಹ್ನವೂ ಒಳಗೆ ಮಬ್ಬು ಬೆಳಕು. ಗಾಳಿ ಈ ಕಡೆ ಬೀಸಿದ ದಿನ ದೂರದಿಂದಲೇ ಉಂಚಳ್ಳಿ ಜಲಪಾತದ ಸದ್ದು ಕೇಳುತ್ತದೆ. 116 ಮೀಟರ್ ಎತ್ತರದಿಂದ ನೀರು ಬೀಳುವ ಆ ಸದ್ದಿಗೆ ಕಿವಿ ಕೆಪ್ಪಾಗುತ್ತದೆ ಅಂತಲೇ ಜನ ಅದನ್ನು ಕೆಪ್ಪ ಜೋಗ ಅನ್ನುತ್ತಾರೆ.

ಜಲಪಾತ ನೋಡಲು ಈಗ ಕಾರಿನಲ್ಲಿ ಬರುತ್ತಾರೆ, ಫೋಟೊ ತೆಗೆದು ಹೊರಡುತ್ತಾರೆ. ಬೇಣ, ಬೆಟ್ಟ, ಕಾನು ಯಾವುದೂ ಅವರಿಗೆ ಕಾಣುವುದೇ ಇಲ್ಲ. ಯಾಣಕ್ಕೂ ಹೀಗೇ ಆಗಿದೆ. 'ಸೊಕ್ಕಿದ್ದವ ಯಾಣಕ್ಕೆ ಹೋಗು, ರೊಕ್ಕಿದ್ದವ ಗೋಕರ್ಣಕ್ಕೆ ಹೋಗು' ಅಂತ ಹಿರಿಯರು ಹೇಳುತ್ತಿದ್ದರು. ಕಾಲಲ್ಲಿ ಕಸುವಿದ್ದವರಿಗೆ ಮಾತ್ರ ಯಾಣ ಅನ್ನುವ ಕಾಲ ಅದು. ಈಗ ಬಂಡೆಯ ಹತ್ತಿರದವರೆಗೂ ವಾಹನ ಹೋಗುತ್ತದೆ. ವಯಸ್ಸಾದವರಿಗೆ, ಮಕ್ಕಳಿಗೆ ಅನುಕೂಲವಾಯಿತು, ಸಂತೋಷ. ಆದರೆ ಸುತ್ತಲಿನ ಊರುಗಳಿಂದ ಯಾಣಕ್ಕೆ ಬರುತ್ತಿದ್ದ ಕಾಡಿನ ದಾರಿಗಳನ್ನು ಕೇಳುವವರೇ ಇಲ್ಲ.

ನನ್ನ ಮುಖ್ಯ ಅಹವಾಲು ತಡಮೆಯದು. ಹಿಂದೆ ಯಾರ ಬೇಲಿಯೇ ಇರಲಿ, ದಾರಿ ಹಾಯುವ ಕಡೆ ತಡಮೆ ಇರುತ್ತಿತ್ತು. ಎರಡು ಗೂಟ ನೆಟ್ಟು ನಡುವೆ ಮೊಣಕಾಲೆತ್ತರಕ್ಕೆ ಒಂದು ಅಡ್ಡ ಮರ ಕಟ್ಟುತ್ತಿದ್ದರು. ಮನುಷ್ಯ ಕಾಲೆತ್ತಿ ದಾಟಬಹುದು, ದನ ಒಳಗೆ ಬರುವುದಿಲ್ಲ. ಓಡಾಡಿದವರ ಕೈ ತಾಗಿ ತಾಗಿ ಗೂಟದ ತಲೆ ನುಣುಪಾಗಿರುತ್ತಿತ್ತು. ದೊಡ್ಡ ದಾರಿಗಾದರೆ ದಣಪೆ, ಗಳ ಸರಿಸಿ ಒಳಗೆ ಹೋಗಿ ಮತ್ತೆ ಮುಚ್ಚಬೇಕು. ಮುಚ್ಚದೆ ಹೋದರೆ ಯಾವ ಮನೆಯವರೂ ಬೈಯದೆ ಬಿಡುತ್ತಿರಲಿಲ್ಲ! ಜಾಗ ನನ್ನದು, ದಾರಿ ಎಲ್ಲರದು ಅನ್ನುವ ತಿಳಿವಳಿಕೆ ಆಗ ಇತ್ತು. ಅದಕ್ಕೆ ಯಾವ ಕಾಗದ ಪತ್ರವೂ ಬೇಕಿರಲಿಲ್ಲ.

ಈಗ ಹಾಕುತ್ತಿರುವುದು ತಂತಿ ಬೇಲಿ. ಹಂದಿ, ಕಾಡುಕೋಣ, ಮಂಗಗಳ ಕಾಟಕ್ಕೆ ರೈತರು ಸೋತುಹೋಗಿದ್ದಾರೆ. ಬೇಲಿ ಹಾಕಬೇಡಿ ಅಂತ ನಾನು ಯಾವತ್ತೂ ಹೇಳಲಾರೆ. ಆದರೆ ಈ ತುದಿಯಿಂದ ಆ ತುದಿವರೆಗೆ ಒಂದೂ ಕಂಡಿ ಬಿಡದೆ ತಂತಿ ಎಳೆಯುತ್ತಾರೆ. ಜೆಸಿಬಿ ತಂದು ದರೆ ಕಡಿಯುತ್ತಾರೆ, ತಲೆತಲಾಂತರದ ಮೆಟ್ಟಿಲು ಅರ್ಧ ದಿನದಲ್ಲಿ ಮಾಯ. ಮನೆಗೊಂದು ಬೈಕು ಬಂದ ಮೇಲೆ ನಡೆಯುವವರು ಕಡಿಮೆಯಾದರು. ಎರಡು ಮಳೆಗಾಲ ಯಾರೂ ನಡೆಯದಿದ್ದರೆ ಸಾಕು, ಲಂಟಾನ, ಯುಪಟೋರಿಯಂ ಬೆಳೆದು ದಾರಿ ಎಲ್ಲಿತ್ತು ಅಂತಲೇ ತಿಳಿಯುವುದಿಲ್ಲ.

ಇದರಿಂದ ತೊಂದರೆ ಬರೀ ಪೇಟೆಯಿಂದ ಬರುವ ಚಾರಣಿಗರಿಗಲ್ಲ. ನಮ್ಮ ಕೇರಿಯ ಒಬ್ಬ ಅಜ್ಜಿ ಗುಡ್ಡದ ಒಳದಾರಿಯಲ್ಲಿ ರೇಷನ್ ಅಂಗಡಿಗೆ ಹೋಗುತ್ತಿದ್ದರು. ದಾರಿಗೆ ತಂತಿ ಬಿದ್ದ ಮೇಲೆ ಅಕ್ಕಿ ತರಲೂ ಯಾರದ್ದಾದರೂ ಬೈಕು ಕಾಯಬೇಕು. ಈ ವಿಷಯ ಹಿಡಿದು ನಾವು ಕೆಲವರು ಒಂದು ಕಚೇರಿಗೆ ಹೋಗಿದ್ದೆವು. 'ಡಾಂಬರು ರಸ್ತೆ ಇದೆಯಲ್ಲ, ಇನ್ನೇನು?' ಅಂದರು. ಅಜ್ಜಿ ಈ ವಯಸ್ಸಿನಲ್ಲಿ ಬೈಕು ಕಲಿಯುತ್ತಾರಾ?

ಸರ್ವೆ ಇಲಾಖೆಯ ಗ್ರಾಮ ನಕಾಶೆಯಲ್ಲಿ ಬಂಡಿದಾರಿ, ಕಾಲುದಾರಿಗಳನ್ನು ಚುಕ್ಕೆ ಗೆರೆಯಲ್ಲಿ ತೋರಿಸಿರುತ್ತಾರೆ. ನಕಾಶೆ ಕಂಡ ದಾರಿಯನ್ನು ಯಾರೂ ಮುಚ್ಚುವಂತಿಲ್ಲ. ನಿಂತ ಜಾಗದ ಸರ್ವೆ ನಂಬರನ್ನು ದಿಶಾಂಕ್ ಆ್ಯಪ್‌ನಲ್ಲಿ ಯಾರು ಬೇಕಾದರೂ ನೋಡಬಹುದು. ಹಾಗಾಗಿ ಗ್ರಾಮ ಪಂಚಾಯಿತಿಯವರು ಊರಿನ ಹಿರಿಯರೊಬ್ಬರನ್ನು ಕರೆದುಕೊಂಡು ನಕಾಶೆ ಹಿಡಿದು ಒಂದು ಸಲ ಈ ದಾರಿಗಳಲ್ಲಿ ನಡೆದರೆ ಯಾವುದು ಉಳಿದಿದೆ, ಯಾವುದು ಮುಚ್ಚಿದೆ ಅಂತ ಗೊತ್ತಾಗುತ್ತದೆ. ನಕಾಶೆಯಲ್ಲಿ ಇಲ್ಲದ ದಾರಿಗಳೂ ಎಷ್ಟೋ ಇವೆ. ಅವನ್ನು ಬಾಯಿಮಾತಿನಲ್ಲಿ ಬಲ್ಲವರು ಇನ್ನೂ ಇರುವಾಗಲೇ ಬರೆದಿಟ್ಟುಕೊಳ್ಳಬೇಕು. ಬೆಟ್ಟದ ಜಾಗಕ್ಕೆ ಬೇಲಿ ಹಾಕುವವರನ್ನು ದಾರಿ ಹಾಯುವ ಕಡೆ ತಡಮೆ ಬಿಡಿ ಅಂತ ಕೇಳಿದರೆ ಬಹಳ ಜನ ಇಲ್ಲ ಅನ್ನಲಾರರು. ಖರ್ಚಾದರೂ ಏನು, ಎರಡು ಗೂಟ, ಒಂದು ಅಡ್ಡ ಮರ. 'ಶಾಲಾ ಸಂಪರ್ಕ ಸೇತು' ಯೋಜನೆಯಲ್ಲಿ ಮಲೆನಾಡಿನ ಹಲವು ಹಳ್ಳಗಳಿಗೆ ಕಾಂಕ್ರೀಟ್ ಕಾಲುಸೇತುವೆ ಬಂದಿದೆ. ಮಕ್ಕಳಿಗಾಗಿ ಕಟ್ಟಿದ ಆ ಸೇತುವೆಗಳಿಂದ ದಾರಿಗಳಿಗೂ ಜೀವ ಬರಲಿ.

ದಾರಿ ತೆರೆದರೆ ವೀಕೆಂಡಿಗೆ ಜನ ನುಗ್ಗುತ್ತಾರೆ, ಪ್ಲಾಸ್ಟಿಕ್ಕು, ಗಲಾಟೆ ಅಂತ ನಮ್ಮೂರಲ್ಲೇ ಹಲವರಿಗೆ ಹೆದರಿಕೆ ಇದೆ. ಆ ಹೆದರಿಕೆ ಸುಮ್ನೆ ಬಂದದ್ದಲ್ಲ. ಅದಕ್ಕೇ ಬರುವವರು ಊರಿನವರೊಬ್ಬರನ್ನು ಜೊತೆಗೆ ಕರೆದುಕೊಂಡೇ ನಡೆಯಬೇಕು ಅನ್ನುವುದು ನನ್ನ ಅಭಿಪ್ರಾಯ. ಕೂಲಿಯೂ ಊರಿನಲ್ಲೇ ಉಳಿಯುತ್ತದೆ, ದಣಪೆ ಮುಚ್ಚಿದರೋ ಇಲ್ಲವೋ ನೋಡುವವರೂ ಇರುತ್ತಾರೆ. ಹತ್ತು ಜನಕ್ಕಿಂತ ಜಾಸ್ತಿ ಒಟ್ಟಿಗೆ ಬೇಡ. ಎಲ್ಲ ಕಡೆ ಕಾಲಿಡುವುದೂ ಬೇಡ. ಕತ್ತಲೆಕಾನು ಭಾಗದಲ್ಲಿ ರಾಮಪತ್ರೆ ಜಡ್ಡಿಗಳಿವೆ. ಸದಾ ನೀರು ನಿಲ್ಲುವ ನೆಲ, ಮರಗಳ ಬೇರು ಮೊಣಕಾಲು ಮಡಚಿದ ಹಾಗೆ ಕೆಸರಿನಿಂದ ಮೇಲೆದ್ದಿರುತ್ತದೆ. ಅಲ್ಲಿ ಸಿಂಗಳೀಕಗಳ ವಾಸ. ಅವುಗಳಿಗಾಗಿಯೇ 2011ರಲ್ಲಿ ಅಘನಾಶಿನಿ ಕಣಿವೆಯನ್ನು ಸಂರಕ್ಷಿತ ಪ್ರದೇಶ ಮಾಡಿದ್ದಾರೆ. ಅಂಥ ಜಾಗಕ್ಕೆ ಹೊಸ ದಾರಿ ಮಾಡಬೇಡಿ. ನಾನು ಕೇಳುತ್ತಿರುವುದು ಮನೆಯಿಂದ ಮನೆಗೆ, ದೇವಸ್ಥಾನಕ್ಕೆ, ಶಾಲೆಗೆ ಮೊದಲಿಂದ ಇದ್ದ ದಾರಿಗಳನ್ನಷ್ಟೇ.

ಬರುವವರಿಗೆ ಕಾಲ ತಿಳಿದಿರಬೇಕು. ಮಳೆಗಾಲದಲ್ಲಿ ಉಂಬಳ, ಅಂದರೆ ಜಿಗಣೆಯ ಕಾಟ, ಅದನ್ನು ಹೇಗಾದರೂ ಸಹಿಸಬಹುದು. ಮಂಗನ ಕಾಯಿಲೆ ಹಾಗಲ್ಲ. 1957ರಲ್ಲಿ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರಿನ ಕಾಡಿನಲ್ಲಿ ಮೊದಲು ಗೊತ್ತಾದ ಈ ರೋಗ 2024ರಲ್ಲಿ ನಮ್ಮ ಸಿದ್ದಾಪುರವನ್ನೂ ಬಹಳ ಕಾಡಿತು. ಡಿಸೆಂಬರ್‌ನಿಂದ ಮೇ ತನಕ ಉಣುಗು ಕಚ್ಚಿ ಹರಡುವುದು ಜಾಸ್ತಿ. ಮಂಗ ಸತ್ತಿದೆ ಅಂತ ಸುದ್ದಿಯಾದ ಕಾಡಿಗೆ ಹೋಗಲೇಬೇಡಿ. ಆ ತಿಂಗಳುಗಳಲ್ಲಿ ಹೋಗಲೇಬೇಕಾದರೆ ಕೈಕಾಲಿಗೆ ಉಣುಗು ಹತ್ತದ ಹಾಗೆ ತಡೆಯುವ ಡೇಪಾ ತೈಲ ಹಚ್ಚಿಕೊಳ್ಳಿ, ಬಂದ ಕೂಡಲೇ ಬಿಸಿನೀರಲ್ಲಿ ಮೀಯಿರಿ, ಬಟ್ಟೆ ತೊಳೆಯಿರಿ. ನನ್ನನ್ನು ಕೇಳಿದರೆ ದೀಪಾವಳಿಯಿಂದ ನವೆಂಬರ್ ಕೊನೆಯವರೆಗಿನ ದಿನಗಳೇ ಒಳ್ಳೆಯವು. ಉಂಬಳ ಕಡಿಮೆಯಾಗಿರುತ್ತದೆ, ಹಳ್ಳಗಳಲ್ಲಿ ನೀರಿರುತ್ತದೆ, ಬೇಣ ಇನ್ನೂ ಹಸಿರಾಗಿರುತ್ತದೆ.

ಮುಂದಿನ ಗ್ರಾಮಸಭೆಯಲ್ಲಿ ಈ ವಿಷಯ ಎತ್ತುವುದಾಗಿ ನಮ್ಮ ಊರಿನ ಕೆಲವರು ಮಾತಾಡಿಕೊಂಡಿದ್ದೇವೆ. ಶಿರಸಿ, ಯಲ್ಲಾಪುರ, ಸಾಗರ, ತೀರ್ಥಹಳ್ಳಿ ಕಡೆಯ ಓದುಗರೂ ತಮ್ಮ ತಮ್ಮ ಪಂಚಾಯಿತಿಯಲ್ಲಿ ನಕಾಶೆ ತೆಗೆಸಿ ನೋಡಲಿ ಅಂತ ಕೇಳಿಕೊಳ್ಳುತ್ತೇನೆ. ತಾವೂ ಶಿಖರಗಳ ಜೊತೆಗೆ ಇಂಥ ಒಂದೊಂದು ಹಳ್ಳಿ ದಾರಿಯ ಬಗ್ಗೆ ಪತ್ರಿಕೆಯಲ್ಲಿ ಬರೆಸಿದರೆ ಉಪಕಾರವಾಗುತ್ತದೆ.

ಇಂತಿ,
ನಿವೃತ್ತ ಗ್ರಾಮೀಣ ಅಂಚೆ ಸೇವಕ,
ಸಿದ್ದಾಪುರ ತಾಲ್ಲೂಕು, ಉತ್ತರ ಕನ್ನಡ