ಹಾಸನದ ಗ್ಯಾರೇಜಿನ ಅಣ್ಣನಿಗೆ

ಅಮ್ಮನೊಂದಿಗೆ ಧರ್ಮಸ್ಥಳಕ್ಕೆ ಹೊರಟಿದ್ದೆ. ಹಾಸನ ಬರುವಷ್ಟರಲ್ಲಿ ಎಂಜಿನ್ ದೀಪ ಹೊತ್ತಿತು, ಕಾರು ಮುಗ್ಗರಿಸತೊಡಗಿತು, ಹೊಗೆಯಲ್ಲಿ ಪೆಟ್ರೋಲ್ ವಾಸನೆ. ಮುಂದೆ ಶಿರಾಡಿ ಘಾಟಿ. ವಾರದ ಹಿಂದಷ್ಟೇ ಬೇರೆಡೆ ಹೊಸ ಆಕ್ಸಿಜನ್ ಸೆನ್ಸರ್ ಹಾಕಿಸಿದ್ದೆ; ಹೊಗೆಯಲ್ಲಿನ ಆಮ್ಲಜನಕ ನೋಡಿ, ಪೆಟ್ರೋಲ್ ಹೆಚ್ಚೋ ಕಡಿಮೆಯೋ ಎಂದು ಎಂಜಿನ್ನಿನ ಕಂಪ್ಯೂಟರಿಗೆ ತಿಳಿಸುವುದು ಅದೇ. ಕಂಪನಿಯದಲ್ಲ, ಹಲವು ಕಾರುಗಳಿಗೆ ಹೊಂದುವಂಥದ್ದು. ದೀಪ ಮತ್ತೆ ಹೊತ್ತಿದರೆ ಕಂಪ್ಯೂಟರನ್ನೇ ಬದಲಿಸಬೇಕು ಎಂದಿದ್ದರು.

ಬಾಗಿಲು ಎಳೆಯುತ್ತಿದ್ದ ನೀವು ಮತ್ತೆ ತೆರೆದಿರಿ. ಮೊದಲು ಅಮ್ಮನಿಗೆ ನೆರಳಿನಲ್ಲಿ ಕುರ್ಚಿ ಹಾಕಿದಿರಿ. ಆಮೇಲೆ ಟೇಪು ಬಿಚ್ಚಿ ನಾಲ್ಕು ತಂತಿಗಳನ್ನೂ ನನ್ನ ಮುಂದೆ ಹಿಡಿದಿರಿ.

"ಬಿಳಿ ಎರಡೂ ಸೆನ್ಸರನ್ನು ಕಾಯಿಸುವ ಹೀಟರಿನವು, ಸರಿಯಾಗಿವೆ. ಕಪ್ಪು ಸಿಗ್ನಲ್, ಬೂದು ಅರ್ತ್. ಕಪ್ಪನ್ನೇ ಅರ್ತ್ ಎಂದುಕೊಂಡು ಅದಲುಬದಲು ಮಾಡಿದ್ದಾರೆ. ಪೆಟ್ರೋಲ್ ಸಾಲದೆಂದುಕೊಂಡು ಕಂಪ್ಯೂಟರ್ ಪಾಪ ಸುರಿಯುತ್ತಲೇ ಇದೆ ಮೇಡಂ."

ಬೆಸುಗೆ ಹಾಕಲಿಲ್ಲ, ಇಕ್ಕಳದಿಂದ ಒತ್ತಿ ಕೂಡಿಸಿದಿರಿ. ಇಂಥ ಸೆನ್ಸರ್ ತಂತಿಯೊಳಗಿಂದಲೇ ಹೊರಗಿನ ಗಾಳಿಯನ್ನು ಎಳೆದುಕೊಳ್ಳುತ್ತದೆ, ಬೆಸುಗೆ ಹಾಕಿದರೆ ಆ ದಾರಿ ಮುಚ್ಚಬಹುದು ಎಂದು ನನಗೆ ತಿಳಿದದ್ದು ಅಂದೇ. ಮೀಟರಿನ ಅಂಕಿ 0.1ರಿಂದ 0.9 ವೋಲ್ಟ್ ನಡುವೆ ಚುರುಕಾಗಿ ಏರಿಳಿಯತೊಡಗಿದಾಗ ಅದನ್ನು ನನ್ನತ್ತ ತಿರುಗಿಸಿ, "ಕಂಪ್ಯೂಟರಿಗೆ ಏನೂ ಆಗಿಲ್ಲ" ಎಂದಿರಿ. ನನ್ನ ಕಣ್ಣು ತುಂಬಿತು.

ತೆಗೆದುಕೊಂಡದ್ದು 200 ರೂಪಾಯಿ. ಹೊರಡುವ ಅವಸರದಲ್ಲಿ ನಿಮ್ಮ ಹೆಸರು ಕೇಳಲಿಲ್ಲ. ಘಾಟಿಯುದ್ದಕ್ಕೂ ದೀಪ ಹೊತ್ತಲಿಲ್ಲ, ಅಮ್ಮ ನೆಮ್ಮದಿಯಾಗಿ ನಿದ್ದೆ ಮಾಡಿದರು. ಧನ್ಯವಾದ ಅಣ್ಣ.