ಯು.ವಿ. ದೀಪದ ಹೊಸ ದರ: ನಮ್ಮ ಗ್ರಾಹಕರಿಗೆ ಪತ್ರ

ಗ್ರಾಹಕ ಬಂಧುಗಳೇ,

ಬರುವ ತಿಂಗಳ ಒಂದನೇ ತಾರೀಖಿನಿಂದ ನಮ್ಮ ವಾರ್ಷಿಕ ಒಪ್ಪಂದದ ದರ 350 ರೂಪಾಯಿ ಹೆಚ್ಚಾಗುತ್ತದೆ. ನೀರಿನ ಫಿಲ್ಟರಿನಲ್ಲಿ ಬ್ಯಾಕ್ಟೀರಿಯಾ ಅಡಗಿಸುವ ಯು.ವಿ. (ಅತಿನೇರಳೆ ಕಿರಣದ) ದೀಪ ಆರಿಹೋಗುವವರೆಗೆ ಇನ್ನು ಕಾಯುವುದಿಲ್ಲ. ಅವಧಿ ಮುಗಿದ ಕೂಡಲೇ ಬದಲಿಸುತ್ತೇವೆ. ಹಳೆಯ ದೀಪವನ್ನು ನಾವೇ ಒಯ್ಯುತ್ತೇವೆ. ಅದರ ಬಾಬ್ತು ಬಿಲ್ಲಿನಲ್ಲಿ 40 ರೂಪಾಯಿ ಬೇರೆಯಾಗಿ ಕಾಣಿಸುತ್ತದೆ.

ವಿನೋಬನಗರದಿಂದ ಗೋಪಾಳದವರೆಗೆ ಹೋದಲ್ಲೆಲ್ಲ ಒಂದೇ ಪ್ರಶ್ನೆ: "ದೀಪ ಚೆನ್ನಾಗಿಯೇ ಉರಿಯುತ್ತಿದೆಯಲ್ಲ, ಮತ್ತೇಕೆ ಹೊಸದು?" ಕೇಳುವವರ ತಪ್ಪಿಲ್ಲ. ಉರಿಯುವವರೆಗೆ ಚಿಂತೆ ಬೇಡ ಎಂದು ಇಷ್ಟು ವರ್ಷ ಹೇಳುತ್ತ ಬಂದವರು ನಾವೇ. ಆ ಮಾತು ತಪ್ಪಾಗಿತ್ತು, ಕ್ಷಮಿಸಿ.

ಫಿಲ್ಟರಿನೊಳಗಿನ ದೀಪ ನಿಮ್ಮ ಹಜಾರದ ಟ್ಯೂಬ್‌ಲೈಟಿನ ಒಡಹುಟ್ಟು. ಎರಡರಲ್ಲೂ ಸ್ವಲ್ಪ ಆರ್ಗಾನ್ ಅನಿಲ, ಚೂರು ಪಾದರಸ. ತುದಿಯ ತಂತಿಯಿಂದ ಹೊರಟ ಎಲೆಕ್ಟ್ರಾನುಗಳು ಪಾದರಸದ ಆವಿಗೆ ಡಿಕ್ಕಿ ಹೊಡೆಯುತ್ತವೆ, ಪೆಟ್ಟು ತಿಂದ ಪರಮಾಣು ಆ ಶಕ್ತಿಯನ್ನು ಕಿರಣವಾಗಿ ಉಗುಳುತ್ತದೆ. ಅದರಲ್ಲಿ ಹೆಚ್ಚಿನದು 253.7 ನ್ಯಾನೊಮೀಟರಿನ ಅತಿನೇರಳೆ ಕಿರಣ, ಕಣ್ಣಿಗೆ ಕಾಣದ್ದು. ಟ್ಯೂಬ್‌ಲೈಟಿನ ಒಳಮೈಗೆ ಬಳಿದ ಬಿಳಿಪುಡಿ ಅದನ್ನು ಬೆಳಕಾಗಿಸುತ್ತದೆ. ಯು.ವಿ. ದೀಪದಲ್ಲಿ ಪುಡಿ ಇಲ್ಲ, ಗಾಜೂ ಬೇರೆ, ಈ ಕಿರಣವನ್ನು ಹೊರಬಿಡುವ ಕ್ವಾರ್ಟ್ಜ್. ಕಿರಣ ನೇರವಾಗಿ ನೀರಿಗಿಳಿದು ಬ್ಯಾಕ್ಟೀರಿಯಾದ ಡಿ.ಎನ್.ಎ. ಕೆಡಿಸುತ್ತದೆ, ಅದರ ಸಂತಾನ ಅಲ್ಲಿಗೆ ನಿಲ್ಲುತ್ತದೆ. ನೀವು ನೋಡುವ ನೀಲಿ, ಪಾದರಸ ಜೊತೆಯಲ್ಲಿ ಚೆಲ್ಲುವ ಚಿಲ್ಲರೆ ಬೆಳಕು. ವರ್ಷ ಕಳೆದಂತೆ ಗಾಜು ಮಂಕಾಗಿ ಅಸಲು ಕಿರಣವನ್ನು ತಡೆಯುತ್ತದೆ, ಚಿಲ್ಲರೆಯನ್ನು ಮಾತ್ರ ಬಿಡುತ್ತಲೇ ಇರುತ್ತದೆ.

ಮೊನ್ನೆ ಒಂದು ಹಾಸ್ಟೆಲ್ಲಿನಿಂದ ಬಿಚ್ಚಿ ತಂದ ಎರಡೂವರೆ ವರ್ಷದ ದೀಪವನ್ನು ಹೊಸದರ ಪಕ್ಕದಲ್ಲಿ ಪೆಟ್ಟಿಗೆಯೊಳಗೆ ಹೊತ್ತಿಸಿ, ಸಾಮಾನ್ಯ ಗಾಜಿನ ಕಿಂಡಿಯಿಂದ ನೋಡಿದೆವು. ಹಳೆಯದರ ತುದಿಗಳು ಮಸಿ ಹಿಡಿದಿದ್ದವು. ನೀಲಿಯಲ್ಲಿ ಮಾತ್ರ ಯಾವುದು ಹಳತು, ಯಾವುದು ಹೊಸತು ಹೇಳಲಾಗಲಿಲ್ಲ. ಅತಿನೇರಳೆ ಕಿರಣ ಅಳೆಯುವ ಮೀಟರ್ ಹಿಡಿದರೆ ಹಳೆಯದು ಹೊಸದರ ಅರ್ಧಕ್ಕೂ ಬರಲಿಲ್ಲ. ಆ ನೀರನ್ನು ಮಕ್ಕಳು ಕುಡಿಯುತ್ತಿದ್ದರು. ಈ ಪತ್ರಕ್ಕೆ ಕಾರಣ ಅದೇ.

ಇಂಥ ದೀಪದ ಆಯುಸ್ಸು ಸಾಮಾನ್ಯವಾಗಿ 8,000ದಿಂದ 9,000 ಗಂಟೆ, ವರ್ಷಕ್ಕಿರುವುದು 8,760. ಹೋಟೆಲ್, ಹಾಸ್ಟೆಲ್ಲುಗಳಲ್ಲಿ ಹಗಲಿರುಳು ಉರಿಯುವುದನ್ನು ವರ್ಷಕ್ಕೊಮ್ಮೆ ಬದಲಿಸುತ್ತೇವೆ. ಮನೆಯಲ್ಲಿ ನೀರು ತುಂಬುವಾಗಷ್ಟೇ ಹೊತ್ತುವ ದೀಪಕ್ಕೆ ಗಂಟೆ ಕಡಿಮೆ, ಒಪ್ಪುತ್ತೇವೆ. ಆದರೆ ಪ್ರತಿ ಸಲ ಹೊತ್ತಿಕೊಳ್ಳುವಾಗಲೂ ತುದಿಯ ತಂತಿಯ ಲೇಪ ಒಂದಿಷ್ಟು ಸವೆಯುತ್ತದೆ. ಅಂಥದನ್ನು ಮೀಟರಿಗೆ ಹಿಡಿದು, ನಿಮಗೆ ತೋರಿಸಿಯೇ ತೀರ್ಮಾನಿಸುತ್ತೇವೆ.

ಇನ್ನು 40 ರೂಪಾಯಿ. "ಕಸಕ್ಕೂ ಕಾಸು ಕೀಳುತ್ತಾರೆ" ಎಂದು ಹಳೆಯ ಗ್ರಾಹಕರೊಬ್ಬರೇ ಅಂದಾಗ ನಿಜಕ್ಕೂ ನೊಂದೆವು. ಪಾದರಸದ ದೀಪಗಳು ಇ-ತ್ಯಾಜ್ಯ ನಿಯಮಗಳಿಗೆ ಒಳಪಟ್ಟಿವೆ, 2023ರ ಏಪ್ರಿಲ್ 1ರಿಂದ ಹೊಸ ನಿಯಮಗಳೇ ಜಾರಿಯಲ್ಲಿವೆ. ಒಡೆಯದಂತೆ ರಟ್ಟಿನ ಕೊಳವೆ, ಅದಕ್ಕೊಂದು ಮರದ ಪೆಟ್ಟಿಗೆ, ಬೆಂಗಳೂರಿನವರೆಗೆ ಲಾರಿ ಬಾಡಿಗೆ, ಅಲ್ಲಿ ಅಧಿಕೃತ ಘಟಕದವರ ಶುಲ್ಕ. ನಮ್ಮ ಗಲ್ಲಾಪೆಟ್ಟಿಗೆಗೆ ಇದರಲ್ಲಿ ಬಿಡಿಗಾಸೂ ಬೀಳುವುದಿಲ್ಲ. ಸಂಜೆಗತ್ತಲಲ್ಲಿ ತುಂಗೆಯ ದಡಕ್ಕೆ ಎಸೆದು ಬಂದಿದ್ದರೆ ಖರ್ಚೇ ಇರುತ್ತಿರಲಿಲ್ಲ. ತುಂಗೆಯ ನೀರಿಗೆ ಆರ್.ಒ. (ಲವಣ ತೆಗೆಯುವ ಫಿಲ್ಟರ್) ಬೇಡ ಎಂದು ಹೇಳಿ ಬಂದ ವ್ಯಾಪಾರವನ್ನೇ ವಾಪಸ್ ಕಳಿಸಿದ ಅಂಗಡಿ ಇದು, ಆ ಕೆಲಸ ನಮ್ಮಿಂದಾಗದು.

ಆನ್‌ಲೈನಿನಲ್ಲಿ ಅರ್ಧ ಬೆಲೆಗೆ ಸಿಗುತ್ತದೆ ಎನ್ನುವವರಿಗೆ: ಅವುಗಳಲ್ಲಿ ಕೆಲವು ಸಾಮಾನ್ಯ ಗಾಜಿನವು. ನೀಲಿ ಹೊಳೆಯುತ್ತದೆ, ಬೇಕಾದ ಕಿರಣ ಗಾಜಿನಲ್ಲೇ ಇಂಗಿಹೋಗುತ್ತದೆ. ಕೊಂಡಿದ್ದರೆ ತನ್ನಿ, ಮೀಟರಿಗೆ ಹಿಡಿದು ನೋಡೋಣ, ಅದಕ್ಕೆ ದುಡ್ಡಿಲ್ಲ.

ಒಂದು ವಿನಂತಿ. ಮುಚ್ಚಳ ತೆಗೆದು ಉರಿಸಿ ತೋರಿಸು ಎಂದು ನಮ್ಮ ಹುಡುಗರನ್ನು ಒತ್ತಾಯಿಸಬೇಡಿ. ಈ ಕಿರಣ ತಾಗಿದರೆ ಕೆಲವು ಗಂಟೆಗಳ ನಂತರ ಕಣ್ಣಿಗೆ ಮರಳು ಹೊಕ್ಕ ಹಾಗೆ ಉರಿಯುತ್ತದೆ. ನಮ್ಮ ಹುಡುಗನೊಬ್ಬ ಒಂದು ರಾತ್ರಿಯಿಡೀ ನಿದ್ದೆಯಿಲ್ಲದೆ ಕೂತಿದ್ದ.

ಮಳೆಗಾಲದಲ್ಲಿ ಹೊಳೆ ಕೆಂಪಾದಾಗ ಮೊದಲ ಹಂತದ ಫಿಲ್ಟರನ್ನು ಉಚಿತವಾಗಿ ತೊಳೆದುಕೊಡುವುದು ಎಂದಿನಂತೆಯೇ ಇರುತ್ತದೆ. 350 ರೂಪಾಯಿ ಒಮ್ಮೆಗೇ ಕಷ್ಟವೆನಿಸಿದರೆ ಎರಡು ಕಂತಿನಲ್ಲಿ ಕೊಡಿ. ಬಂದ ಹುಡುಗನಿಗೆ ಹೇಳಿದರೆ ಸಾಕು, ಚೀಟಿಯಲ್ಲಿ ಬರೆದುಕೊಳ್ಳುತ್ತಾನೆ.

ಇಂತಿ ನಿಮ್ಮ,
ಫಿಲ್ಟರ್ ಅಂಗಡಿಯವರು, ಶಿವಮೊಗ್ಗ