ಮಕ್ಕಳ ಕೈಗೆ ಕ್ಯಾಮೆರಾ ಕೊಡುವ ಮೊದಲು

ಚಿ. ಸೌ. ವೀಣಾಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ದಸರಾ ರಜೆಯಲ್ಲಿ ಮಕ್ಕಳಿಬ್ಬರಿಗೂ ಫೋಟೋ ತೆಗೆಯುವುದನ್ನು ಕಲಿಸಬೇಕು, ಯಾವ ಕ್ಯಾಮೆರಾ ಕೊಳ್ಳಲಿ ಎಂದು ಕೇಳಿದ್ದೀಯ. ಸದ್ಯಕ್ಕೆ ಏನೂ ಕೊಳ್ಳಬೇಡ. ಮೊದಲ ದಿನಕ್ಕೆ ಒಂದು ಕೋಣೆ ಸಾಕು.

ಬಿಸಿಲು ಬಿದ್ದ ಮರವೋ ಎದುರುಮನೆಯೋ ಕಾಣುವ ಕಿಟಕಿಯಿರುವ ಕೋಣೆ ನೋಡಿಕೊ. ರಟ್ಟಿನ ಪೆಟ್ಟಿಗೆ ಬಿಚ್ಚಿ ಕಿಟಕಿಗೆ ಮುಚ್ಚು, ಸಂದಿಗಳಿಗೆ ಟೇಪು ಹಚ್ಚು, ಬಾಗಿಲ ಕೆಳಗೆ ಟವೆಲ್ ತುರುಕು. ರಟ್ಟಿನ ನಡುವೆ ಒಂದು ಸೆಂಟಿಮೀಟರ್ ಅಗಲದ ದುಂಡನೆಯ ತೂತು ಮಾಡಿ, ಅದರೆದುರು ನಾಲ್ಕಡಿ ದೂರದಲ್ಲಿ ಬಿಳಿ ಪಂಚೆ ಹಿಡಿ. ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು ಐದು ನಿಮಿಷವಾದರೂ ಬೇಕು. ‘ಏನೂ ಕಾಣ್ತಿಲ್ಲ’ ಅಂತ ದೊಡ್ಡವರೇ ಎದ್ದುಬಿಡುವುದು ಇಲ್ಲೇ. ಕಾದರೆ, ಮರ ತಲೆಕೆಳಗಾಗಿ, ಬಣ್ಣಸಮೇತ, ಎಲೆ ಅಲ್ಲಾಡಿಸುತ್ತಾ ಪಂಚೆಯ ಮೇಲೆ ಮೂಡುತ್ತದೆ. ಬೆಳಕು ಹೋಗುವುದು ನೇರವಾಗಿ. ಮರದ ತುದಿಯಿಂದ ಬಂದದ್ದು ತೂತು ದಾಟಿ ಕೆಳಕ್ಕಿಳಿಯುತ್ತದೆ, ಬುಡದಿಂದ ಬಂದದ್ದು ಮೇಲಕ್ಕೇರುತ್ತದೆ. ಹಂಪಿಯ ವಿರೂಪಾಕ್ಷ ದೇವಸ್ಥಾನದ ಕತ್ತಲೆ ಕೋಣೆಯಲ್ಲಿ ರಾಜಗೋಪುರ ತಲೆಕೆಳಗಾಗಿ ಗೋಡೆಗೆ ಬೀಳುವುದೂ ಹೀಗೆಯೇ. ಆ ಕಡೆ ಹೋದಾಗ ಮಕ್ಕಳಿಗೆ ತಪ್ಪದೆ ತೋರಿಸು.

ಈಗ ತೂತನ್ನು ಎರಡು ಸೆಂಟಿಮೀಟರಿಗೆ ಹಿಗ್ಗಿಸು. ಬೆಳಕು ಹೆಚ್ಚಿತು, ಚಿತ್ರ ಕಲಸಿಹೋಯಿತು, ಅಲ್ಲವೇ? ಅಜ್ಜಿಯ ಓದುವ ಕನ್ನಡಕದ ಒಂದು ಗಾಜನ್ನು ತೂತಿಗೆ ಒತ್ತಿ ಹಿಡಿ (ಬೈಫೋಕಲ್ ಬೇಡ). ಪವರ್ +1 ಇದ್ದರೆ ಪಂಚೆ ಒಂದು ಮೀಟರ್ ದೂರದಲ್ಲಿರಲಿ, +2 ಇದ್ದರೆ ಅರ್ಧ ಮೀಟರ್. ಅಲ್ಲಿ ಮಾತ್ರ ಎಲೆಯ ಅಂಚು ಸ್ಪಷ್ಟ. ಗೇಣು ಹಿಂದೆ ಸರಿದರೆ ಮತ್ತೆ ಮಂಜು. ಪಂಚೆ ಹಿಡಿದು ಹಿಂದೆ ಮುಂದೆ ಸರಿಯುವ ಕೆಲಸ ಚಿನ್ನುವಿಗೆ ಬಿಡು. ಫೋಕಸ್ ಅಂದರೇನು ಅಂತ ಆಮೇಲೆ ನೀನು ಬಾಯಲ್ಲಿ ಹೇಳಬೇಕಾಗಿಲ್ಲ.

ಮರುದಿನ ಬೀರುವಿನಲ್ಲಿರುವ ಹಳೆಯ ಪುಟ್ಟ ಡಿಜಿಟಲ್ ಕ್ಯಾಮೆರಾ ತೆಗೆ. ಬ್ಯಾಟರಿ ಉಬ್ಬಿದ್ದರೆ ಚಾರ್ಜಿಗೆ ಹಾಕಲೇಬೇಡ, ಬೇರೆ ತರಿಸು. ಫೋನ್ ಕೊಡಬೇಡ ಅನ್ನುವುದು ನನ್ನ ಹಟ: ಎರಡನೇ ಫೋಟೋಗೇ ಆಟ ತೆರೆದಿರುತ್ತದೆ. ಫ್ಲ್ಯಾಶ್ ಆರಿಸಿ, ಎಲ್ಲವನ್ನೂ ಕ್ಯಾಮೆರಾವೇ ನೋಡಿಕೊಳ್ಳುವ ಆಟೋ ಮೋಡಿನಲ್ಲಿಟ್ಟು, ದಾರ ಮಣಿಕಟ್ಟಿಗೆ ಹಾಕಿಕೊಡು. ಸೂರ್ಯನತ್ತ ತಿರುಗಿಸಿ ಕಿಂಡಿಯಲ್ಲಿ ನೋಡಬಾರದು ಅನ್ನುವುದೊಂದನ್ನು ಗಟ್ಟಿಯಾಗಿಯೇ ಹೇಳು.

ಐದರ ಮಗು ಗುಂಡಿಯನ್ನು ಕರೆಗಂಟೆಯ ಹಾಗೆ ಕುಕ್ಕುತ್ತದೆ. ಕ್ಯಾಮೆರಾ ಅಲುಗಿ ಚಿತ್ರವೆಲ್ಲ ಮಸುಕು. ಮೊಣಕೈ ಎರಡೂ ಪಕ್ಕೆಗೆ ಅಂಟಿರಲಿ. ಗುಂಡಿ ಅರ್ಧ ಒತ್ತಿ, ಹಸಿರು ಚೌಕ ಬರುವವರೆಗೆ ಕಾದು, ಆಮೇಲೆ ಪೂರ್ತಿ ಒತ್ತಲಿ. ಎಡಗೈ ಬೆರಳು ಲೆನ್ಸಿಗೆ ಅಡ್ಡ ಬರುವುದು ಇನ್ನೊಂದು. ಫೋಟೋದ ಮೂಲೆಯಲ್ಲಿ ಗುಲಾಬಿ ಬಣ್ಣದ ಮೋಡ ಕಂಡರೆ ಅದು ಬೆರಳೇ. ಹೂವಿಗೆ ಮೂಗು ತಾಗುವಷ್ಟು ಹತ್ತಿರ ಹೋದರೆ ಫೋಕಸ್ ಹಿಡಿಯುವುದಿಲ್ಲ. ಒಂದು ಕೈಯಳತೆ ಹಿಂದೆ ನಿಲ್ಲಬೇಕು, ಇಲ್ಲವೇ ಹತ್ತಿರದ ಫೋಟೋಗೆಂದೇ ಇರುವ, ಹೂವಿನ ಗುರುತಿನ ಮ್ಯಾಕ್ರೋ ಮೋಡಿಗೆ ಹಾಕಿಕೊಳ್ಳಬೇಕು. ಇನ್ನು ಸಂಜೆ ಟ್ಯೂಬ್‌ಲೈಟಿನಲ್ಲಿ ಕ್ಯಾಮೆರಾ ಸೆಕೆಂಡಿನ 1/15 ಭಾಗ ಕಣ್ಣು ತೆರೆದಿಡುತ್ತದೆ, ಓಡುವ ತಮ್ಮನನ್ನು ಹಿಡಿಯಲು 1/250 ಆದರೂ ಬೇಕು. ಆದ್ದರಿಂದ ಓಡುವವರ ಫೋಟೋ ಅಂಗಳದಲ್ಲಿ, ಕೂತವರದ್ದು ಕಿಟಕಿಯ ಪಕ್ಕದಲ್ಲಿ.

ದಿನಕ್ಕೆ ತಲಾ ಹನ್ನೆರಡೇ ಫೋಟೋ ಅಂತ ಲೆಕ್ಕವಿಡು, ನಿನಗೂ ಹನ್ನೆರಡೇ. ರಾತ್ರಿ ಊಟವಾದ ಮೇಲೆ ಎಲ್ಲರೂ ಕೂತು ಟೀವಿಗೆ ಹಾಕಿ ನೋಡಿ. ಅದಕ್ಕೆ ಮೊದಲು ಯಾರೂ ಏನನ್ನೂ ಅಳಿಸಕೂಡದು. ‘ಅಪ್ಪನ ತಲೆ ಕತ್ತರಿಸಿದ್ದೀಯಲ್ಲೋ’ ಅನ್ನಬೇಡ. ‘ಎಲ್ಲಿ ನಿಂತು ತೆಗೆದೆ?’ ಅಂತ ಕೇಳು. ಮೇಜಿನ ಅಡಿ, ನಾಯಿಯ ಕಾಲು, ಅಜ್ಜಿಯ ಮೂಗಿನ ಹೊಳ್ಳೆ, ಅವರ ಎತ್ತರಕ್ಕೆ ಕಾಣುವ ಮನೆ ಅದು. ನೀನು ತೆಗೆಯುವಾಗ ಮಂಡಿಯೂರು. ನಮ್ಮ ಮೈಸೂರಿನ ಛಾಯಾಗ್ರಾಹಕ ಟಿ.ಎಸ್. ಸತ್ಯನ್ ತೆಗೆದ ಮಕ್ಕಳ ಚಿತ್ರಗಳು 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶನಗೊಂಡಿದ್ದವು. ಅವು ಸಿಕ್ಕರೆ ಮಕ್ಕಳ ಮುಂದಿಟ್ಟು ಇದೇ ಪ್ರಶ್ನೆ ಕೇಳು.

ಭಾನುವಾರ ಒಬ್ಬೊಬ್ಬರೂ ತಮ್ಮವು ಮೂರನ್ನು ಆರಿಸಲಿ. ಜಗಳ ಆಗುತ್ತದೆ, ಆಗಲಿ. ಆರಿಸಿದ್ದನ್ನು 4x6 ಇಂಚಿಗೆ ಪ್ರಿಂಟ್ ಹಾಕಿಸು. ಆದರೆ ಸ್ಟುಡಿಯೋದವನಿಗೆ ಒಂದು ಮಾತು ಮೊದಲೇ ಹೇಳಬೇಕು. ಇಂಥ ಕ್ಯಾಮೆರಾಗಳ ಚಿತ್ರದ ಅಗಲ-ಎತ್ತರ 4:3 ಅಳತೆಯದು, ಕಾಗದದ್ದು 3:2. ಆರಿಂಚು ಅಗಲಕ್ಕೆ ಹಿಗ್ಗಿಸಿದಾಗ ಎತ್ತರ ನಾಲ್ಕೂವರೆ ಇಂಚಾಗುತ್ತದೆ, ಅರ್ಧ ಇಂಚು ಕತ್ತರಿ ಪಾಲು. ಮಗು ಅಷ್ಟು ಕಷ್ಟಪಟ್ಟು ಪೂರ್ತಿ ತೋರಿಸಿದ ಅಪ್ಪನ ತಲೆ ಆಗ ನಿಜಕ್ಕೂ ಹೋಗುತ್ತದೆ. ‘ಕ್ರಾಪ್ ಮಾಡಬೇಡಿ, ಪಕ್ಕದಲ್ಲಿ ಬಿಳಿ ಅಂಚು ಬಂದರೂ ಪರವಾಗಿಲ್ಲ’ ಅನ್ನು. ಪ್ರಿಂಟಿನ ಹಿಂದೆ ತಾರೀಖು, ತೆಗೆದವರ ಹೆಸರು ಮಕ್ಕಳ ಕೈಯಲ್ಲೇ ಪೆನ್ಸಿಲಿನಲ್ಲಿ ಬರೆಸು. ಬಾಲ್‌ಪೆನ್ನಿನಲ್ಲಿ ಒತ್ತಿ ಬರೆದರೆ ಮುಂದಿನ ಮುಖಕ್ಕೆ ಗೆರೆ ಮೂಡುತ್ತದೆ.

ಇಂತಿ,
ನಿನ್ನ ದೊಡ್ಡಪ್ಪ